ಅಜ್ಜಿಯ ಕಜ್ಜಾಯ ನಮಗೇಕೆ ಬರುವುದಿಲ್ಲ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. ಹಬ್ಬಗಳು ಹತ್ತಿರವಾದಂತೆ ಅದು ಇನ್ನಷ್ಟು ಹೆಚ್ಚುತ್ತದೆ. ‘ಅಜ್ಜಿ ಹೇಳಿ ಬರೆಸಿದ್ದನ್ನು ಒಂದಕ್ಷರ ಬಿಡದೆ ಮಾಡಿದೆ, ಆದರೂ ಆ ರುಚಿ ಬರಲಿಲ್ಲ, ಯಾಕೆ?’ ತಿಪಟೂರಿನವರು ಸಾರಿನ ಪುಡಿಯ ಬಗ್ಗೆ ಕೇಳುತ್ತಾರೆ. ಹುಬ್ಬಳ್ಳಿ ಬಿಟ್ಟು ಪುಣೆಯಲ್ಲಿ ನೆಲೆಸಿದವರು ಜೋಳದ ರೊಟ್ಟಿಯ ಬಗ್ಗೆ ಕೇಳುತ್ತಾರೆ. ಇವರೆಲ್ಲರಿಗಿಂತ ಹೆಚ್ಚು ಬರೆಯುವವರು ಕಜ್ಜಾಯ ಮಾಡಲು ಹೋಗಿ ಬಾಣಲೆಯಲ್ಲಿ ಪುಡಿಪುಡಿಯಾದದ್ದನ್ನು ಕಂಡವರು. ಅವರಿಗೆ ಮನೆಯವರು ಕೊಟ್ಟ ಸಮಾಧಾನವೂ ಹೆಚ್ಚುಕಡಿಮೆ ಒಂದೇ: ‘ಬಿಡು, ಅದು ಅವರ ಕೈಗುಣ.’

ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಹೊಗಳಿಕೆಯಂತೆ ಕೇಳಿಸಿದರೂ ಅದು ಒಬ್ಬ ಹೆಂಗಸು ಒಲೆಯ ಮುಂದೆ ಜೀವಮಾನವಿಡೀ ಕೂತು ಕಲಿತ ವಿದ್ಯೆಯನ್ನು ಹುಟ್ಟಿನಿಂದ ಬಂದ ವರ ಎಂದು ಹೇಳಿ ಮುಗಿಸಿಬಿಡುತ್ತದೆ. ವರವಾದರೆ ಕಲಿಯುವುದಕ್ಕೂ ಏನಿಲ್ಲ, ಕಲಿಸುವುದಕ್ಕೂ ಏನಿಲ್ಲ. ಆಕೆ ಹೋದ ದಿನವೇ ಅದೂ ಹೋಯಿತು. ನಾನು ಕಂಡ ಮಟ್ಟಿಗೆ ಹಳೆಯ ಅಡುಗೆ ಕೈಕೊಟ್ಟಾಗಲೆಲ್ಲ ಅದಕ್ಕೊಂದು ಕಾರಣವಿರುತ್ತದೆ, ಹುಡುಕಿದರೆ ಆ ಕಾರಣ ಸಿಗುತ್ತದೆ. ಹೇಳಿ ಬರೆಸಿದವರು ಏನನ್ನೂ ಬಚ್ಚಿಟ್ಟಿರುವುದಿಲ್ಲ. ಯಾವ ನೀರು, ಯಾವ ಮೆಣಸಿನಕಾಯಿ, ಎಷ್ಟು ಒದ್ದೆಯ ಹಿಟ್ಟು ಎಂಬುದೆಲ್ಲ ಅವರ ಮಟ್ಟಿಗೆ ಹೇಳಬೇಕಾದ ಸಂಗತಿಗಳೇ ಆಗಿರಲಿಲ್ಲ, ಅಷ್ಟೆ.

ಕಜ್ಜಾಯವನ್ನೇ ನೋಡೋಣ. ಅಕ್ಕಿ, ಬೆಲ್ಲ, ಎಣ್ಣೆ. ಮೇಲಿಷ್ಟು ಗಸಗಸೆ, ಏಲಕ್ಕಿ. ಇದಕ್ಕಿಂತ ಕಡಿಮೆ ಸಾಮಾನಿನ ಸಿಹಿ ನಮ್ಮಲ್ಲಿ ಹೆಚ್ಚಿಲ್ಲ. ಹಾಸನದ ಓದುಗರೊಬ್ಬರು ತಮ್ಮ ಅತ್ತೆಯ ಕೈಬರಹದ ಹಾಳೆಯ ಚಿತ್ರ ಕಳಿಸಿದ್ದರು. ಅದರಲ್ಲಿದ್ದದ್ದು ಇಷ್ಟು: ಅಕ್ಕಿ ಒಂದು ಸೇರು, ಬೆಲ್ಲ ಎರಡೂವರೆ ಸೇರು, ಪಾಕ ತೆಗೆದು ಹಿಟ್ಟು ಹಾಕಿ ತಿರುವಿ ಮಾರನೆ ದಿನ ತಟ್ಟಿ ಕರಿಯುವುದು. ಅಕ್ಕಿಯ ಎರಡೂವರೆಯಷ್ಟು ಬೆಲ್ಲವೇ ಎಂದು ಅವರಿಗೆ ಗಾಬರಿ. ಬರೆದವರು ತಪ್ಪಿದ್ದಾರೆ ಎಂದುಕೊಂಡು ಬೆಲ್ಲವನ್ನು ಅರ್ಧ ಸೇರಿಗೆ ಇಳಿಸಿದರಂತೆ. ಕಜ್ಜಾಯ ಹಲ್ಲಿಗೆ ಸಿಗಲಿಲ್ಲ.

ಬರೆದವರು ತಪ್ಪಿರಲಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಧಾನ್ಯ ಅಳೆಯುವ ಸೇರು ಬೇರೆ, ಬೆಲ್ಲ ಹುಣಸೆ ತೂಗುವ ಸೇರು ಬೇರೆ. ಅಳತೆಯ ಸೇರಿನಲ್ಲಿ ಅಕ್ಕಿ ತುಂಬಿದರೆ ಹತ್ತಿರ ಹತ್ತಿರ ಒಂದು ಕಿಲೋ. ತೂಕದ ಕಚ್ಚಾ ಸೇರು ಎಂದರೆ 24 ತೊಲ, ಅಂದರೆ ಸುಮಾರು 280 ಗ್ರಾಂ. ಎರಡೂವರೆ ಕಚ್ಚಾ ಸೇರು ಬೆಲ್ಲ 700 ಗ್ರಾಮಿಗೆ ಬಂದು ನಿಲ್ಲುತ್ತದೆ. ಒಂದು ಕಿಲೋ ಅಕ್ಕಿಗೆ 700 ಗ್ರಾಂ ಬೆಲ್ಲ ಇವತ್ತಿಗೂ ಸರಿಯಾದ ಲೆಕ್ಕವೇ. ಇದರ ಮೇಲೆ ಸರ್ಕಾರದ 80 ತೊಲದ ಸೇರೊಂದಿತ್ತು, ಅದು 933 ಗ್ರಾಂ ತೂಗುತ್ತಿತ್ತು. ಮೆಟ್ರಿಕ್ ತೂಕ ಬಂದದ್ದು 1958ರ ಅಕ್ಟೋಬರಿನಿಂದ, ಅದೂ ಹಂತಹಂತವಾಗಿ. ಆದ್ದರಿಂದ ಅದಕ್ಕೆ ಹಿಂದೆ ಬರೆದ, ಆಮೇಲೂ ಎಷ್ಟೋ ವರ್ಷ ಹಳೇ ಬಾಯಿಪಾಠದಲ್ಲೇ ಬರೆದ ಹಾಳೆಗಳಲ್ಲಿ ‘ಸೇರು’ ಕಂಡರೆ ಮೊದಲು ಯಾವ ಊರಿನದು, ಯಾವ ಪದಾರ್ಥದ್ದು ಎಂದು ಕೇಳಿಕೊಳ್ಳಿ. ಒಂದು ಹಾಳೆಯಲ್ಲಿ ‘ಎರಡಾಣೆ ಚಕ್ಕೆ, ಒಂದಾಣೆ ಲವಂಗ’ ಎಂದು ಬರೆದದ್ದನ್ನೂ ನೋಡಿದ್ದೇನೆ. ಆಣೆ ಚಲಾವಣೆಯ ಲೆಕ್ಕ 1957ರ ಏಪ್ರಿಲ್‌ನಲ್ಲಿ ಬದಲಾಯಿತು, ಚಕ್ಕೆಯ ಬೆಲೆ ಅದಕ್ಕಿಂತ ಮೊದಲೂ ಒಂದೇ ಸಮ ಇರಲಿಲ್ಲ. ಅಂಥ ಹಾಳೆಯಲ್ಲಿ ಕೊತ್ತಂಬರಿಗೋ ಕಡಲೆಬೇಳೆಗೋ ಅಳತೆ ಸಿಕ್ಕಿದರೆ ಅದನ್ನು ಹಿಡಿದುಕೊಂಡು, ಮನೆಯವರ ನಾಲಿಗೆಯನ್ನು ನಂಬಿ ಉಳಿದದ್ದನ್ನು ಕೂಡಿಸಬೇಕು.

ಅಳತೆ ಸರಿಹೋದರೂ ಕಜ್ಜಾಯ ಆಗಿಬಿಡುವುದಿಲ್ಲ. ಹಾಳೆಯಲ್ಲಿ ‘ಹಿಟ್ಟು’ ಎಂದಿದೆ. ಅಂಗಡಿಯ ಪೊಟ್ಟಣದ ಅಕ್ಕಿಹಿಟ್ಟಲ್ಲ ಅದು. ಅಕ್ಕಿ ನೆನೆಹಾಕಿ, ದಿನವೂ ನೀರು ಬದಲಿಸಿ, ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರವಿ, ಇನ್ನೂ ಪಸೆಯಿರುವಾಗಲೇ ಕುಟ್ಟಿ ಜರಡಿ ಹಿಡಿದ ಹಿಟ್ಟು. ನನ್ನ ದೊಡ್ಡಮ್ಮ ಕಜ್ಜಾಯ ಮಾಡುವಾಗ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಅಕ್ಕಿ ಎಷ್ಟು ಹೊತ್ತು ಆರಬೇಕು ಎಂದು ಕೇಳಿದರೆ ಗಂಟೆಯ ಲೆಕ್ಕ ಹೇಳಲೇ ಇಲ್ಲ. ‘ಹೊತ್ತು ಕಟ್ಕೊಂಡು ಏನ್ ಮಾಡ್ತೀಯೆ? ಮಳೆಗಾಲದಲ್ಲಿ ಒಂಥರ, ಬಿಸಿಲಲ್ಲಿ ಒಂಥರ. ಅಕ್ಕಿ ಮೇಲೆ ಕೈ ಇಟ್ರೆ ಅಂಗೈಗೆ ನಾಕು ಕಾಳು ಅಂಟ್ಬೇಕು, ನೀರು ಕಾಣ್ಬಾರ್ದು. ಹಿಟ್ಟು ಮುಷ್ಟಿ ಹಿಡಿದು ಬಿಟ್ರೆ ಉಂಡೆ ನಿಲ್ಬೇಕು, ಬೆರಳಲ್ಲಿ ಮುಟ್ಟಿದ್ರೆ ಒಡೀಬೇಕು.’ ಗಂಟೆಯ ಲೆಕ್ಕಕ್ಕಿಂತ ಇದೇ ಖಚಿತವಾದ ಉತ್ತರ. ಬೀದರಿನ ಒಣಹವೆಯಲ್ಲೂ ಆಗುಂಬೆಯ ಥಂಡಿಯಲ್ಲೂ ಗಂಟೆಗಳು ಬೇರೆಯಾಗುತ್ತವೆ, ಅಂಗೈಗೆ ಅಂಟುವ ಕಾಳು ಬದಲಾಗುವುದಿಲ್ಲ.

ಈ ಪಸೆ ಯಾಕೆ ಬೇಕು ಎನ್ನುವುದಕ್ಕೆ ಸ್ಪಷ್ಟ ವಿವರಣೆಯಿದೆ. ನೆನೆದು ಮೆತ್ತಗಾದ ಅಕ್ಕಿ ಸುಲಭವಾಗಿ ಒಡೆಯುತ್ತದೆ, ಒಳಗಿನ ಪಿಷ್ಟದ ಕಣಗಳು ಹೆಚ್ಚು ಜಜ್ಜಿಹೋಗದೆ ಉಳಿಯುತ್ತವೆ. ಒಣ ಅಕ್ಕಿಯನ್ನು ಗಿರಣಿಗೆ ಕೊಟ್ಟರೆ ಬಿಸಿ ಮತ್ತು ತಿಕ್ಕಾಟದಿಂದ ಆ ಕಣಗಳು ಜಜ್ಜಿಹೋಗುತ್ತವೆ. ಜಜ್ಜಿಹೋದ ಪಿಷ್ಟ ನೀರನ್ನು ವಿಪರೀತ ಹೀರುತ್ತದೆ. ಪೊಟ್ಟಣದ ಹಿಟ್ಟನ್ನು ಪಾಕಕ್ಕೆ ಸುರಿದ ಕೂಡಲೇ ಅದು ಪಾಕದ ನೀರನ್ನೆಲ್ಲ ಕುಡಿದುಬಿಡುತ್ತದೆ, ಉಳಿಯುವುದು ಗಟ್ಟಿ ಬೆಲ್ಲ. ಅದಕ್ಕೇ ಕಜ್ಜಾಯ ಕಲ್ಲಾಗುವುದು. ಹಿಟ್ಟಿನಲ್ಲಿ ನೀರು ಹೆಚ್ಚಿದ್ದರೆ ತಿರುಗಾಮುರುಗಾ: ಕಣಕ ಸಡಿಲವಾಗಿ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ‘ಮಾರನೆ ದಿನ’ ಎಂದು ಬರೆದಿರುವುದೂ ಸುಮ್ಮನೆ ಅಲ್ಲ. ಒಂದು ರಾತ್ರಿ ಕಳೆದರೆ ಹಿಟ್ಟಿನ ಪ್ರತಿ ಕಣಕ್ಕೂ ಪಾಕ ಸಮನಾಗಿ ಇಳಿದು ತಟ್ಟಲು ಬರುತ್ತದೆ. ಇನ್ನೂ ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು ಎನ್ನುವವರಿದ್ದಾರೆ, ನಾನೂ ಆ ಪಕ್ಷ.

ಪಾಕದ ವಿಷಯ ಇನ್ನೂ ಸ್ವಾರಸ್ಯದ್ದು. ದೊಡ್ಡಮ್ಮನ ಪಕ್ಕದಲ್ಲಿ ಯಾವಾಗಲೂ ಒಂದು ಬಟ್ಟಲು ತಣ್ಣೀರು ಇರುತ್ತಿತ್ತು. ಕುದಿಯುವ ಬೆಲ್ಲದ ಒಂದು ಹನಿ ಅದರೊಳಗೆ ಬಿಟ್ಟು ಬೆರಳಲ್ಲಿ ಕೂಡಿಸುತ್ತಿದ್ದರು. ಕರಗಿ ಹೋದರೆ ಆಗಿಲ್ಲ, ಎಳೆ ಬಂದರೆ ಇನ್ನೂ ಆಗಿಲ್ಲ, ಮೆತ್ತಗಿನ ಉಂಡೆಯಾದರೆ ಉರಿ ಆರಿಸುವುದು. ಈಗ ಅಡುಗೆಮನೆಗೆ ಥರ್ಮಾಮೀಟರ್ ಬಂದಿದೆ, ಪುಸ್ತಕಗಳಲ್ಲಿ ಮೆತ್ತನೆ ಉಂಡೆ ಪಾಕಕ್ಕೆ 112ರಿಂದ 116 ಡಿಗ್ರಿ ಸೆಲ್ಸಿಯಸ್ ಎಂದು ಕೊಟ್ಟಿರುತ್ತಾರೆ. ಆ ಅಂಕಿ ಸಮುದ್ರಮಟ್ಟದ್ದು, ಮಂಗಳೂರಿಗೆ ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಅದೇ ಹದದ ಪಾಕವೂ ಇಲ್ಲಿ ಮೂರು ಡಿಗ್ರಿ ಮೊದಲೇ ಆಗಿರುತ್ತದೆ, ಮಡಿಕೇರಿಯಲ್ಲಿ ಇನ್ನೂ ಮೊದಲು. ಪುಸ್ತಕದ ಅಂಕಿ ನಂಬಿ ಬೆಂಗಳೂರಿನಲ್ಲಿ 116ರವರೆಗೆ ಕಾಯಿಸಿದವರ ಪಾಕ ಗಡಸಾಗುತ್ತದೆ. ತಣ್ಣೀರಿನ ಬಟ್ಟಲು ಯಾವ ಊರಿನಲ್ಲೂ ಸುಳ್ಳು ಹೇಳುವುದಿಲ್ಲ, ಏಕೆಂದರೆ ಅದು ನೋಡುವುದು ಬಿಸಿಯನ್ನಲ್ಲ, ಪಾಕದಲ್ಲಿ ಉಳಿದ ನೀರನ್ನು. ಅಳತೆಯಿಲ್ಲದೆ ಅಂದಾಜಿನ ಮೇಲೆ ಮಾಡುತ್ತಿದ್ದರು ಎಂದು ನಮ್ಮ ಹಿರಿಯರ ಬಗ್ಗೆ ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ. ಅವರ ಬಳಿ ಬೇಕಾದಷ್ಟು ಅಳತೆಗಳಿದ್ದವು. ಅಂಕಿಯಲ್ಲಿ ಹೇಳುವಂಥವಲ್ಲ, ಅಷ್ಟೆ.

ಸಾರಿನ ಪುಡಿಯ ಪ್ರಶ್ನೆಗೆ ಬರುತ್ತೇನೆ. ತಿಪಟೂರಿನ ಪತ್ರದಲ್ಲಿ ‘ಅರ್ಧ ಸೇರು ಕೊತ್ತಂಬರಿಗೆ ಇಷ್ಟು ಮೆಣಸಿನಕಾಯಿ’ ಎಂದಿತ್ತು, ಯಾವ ಮೆಣಸಿನಕಾಯಿ ಎಂದಿರಲಿಲ್ಲ. ಆ ಮನೆಗಳಲ್ಲಿ ಮೆಣಸಿನಕಾಯಿ ಎಂದರೆ ಬ್ಯಾಡಗಿಯೇ. ಸುಕ್ಕುಸುಕ್ಕಾದ, ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಕಾಯಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯೂ ಸಿಕ್ಕಿದೆ. ಅದರಲ್ಲೂ ಉದ್ದನೆಯ ಕಡ್ಡಿ, ದಪ್ಪನೆಯ ಡಬ್ಬಿ ಎಂಬ ಎರಡು ಬಗೆ. ಅದೇ ಲೆಕ್ಕಕ್ಕೆ ಗುಂಟೂರು ಕಾಯಿ ಹಾಕಿದರೆ ಖಾರ ನೆತ್ತಿಗೇರುತ್ತದೆ. ಖಾರ ತಾಳದೆ ಕಾಯಿ ಕಡಿಮೆ ಮಾಡಿದರೆ ಬಣ್ಣ ಮತ್ತು ಸಾರಿಗೆ ಬರಬೇಕಾದ ಮೈ ಎರಡೂ ಹೋಗುತ್ತವೆ. ಇನ್ನು ಹುರಿಯುವುದು. ಮೆಂತ್ಯ, ಜೀರಿಗೆ, ಮೆಣಸು, ಕೊತ್ತಂಬರಿ ಒಂದೊಂದನ್ನೂ ಬೇರೆಬೇರೆ ಹುರಿಯುತ್ತಿದ್ದರು. ಕಾಳುಗಳ ಗಾತ್ರ ಬೇರೆ, ಒಳಗಿನ ಎಣ್ಣೆ ಬೇರೆ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಘಮ್ಮೆನ್ನುವ ಹೊತ್ತಿಗೆ ಜೀರಿಗೆ ಕರಿಯಾಗಿರುತ್ತದೆ. ಮೆಣಸಿನಕಾಯಿಗೆ ಒಂದೆರಡು ತೊಟ್ಟು ಹರಳೆಣ್ಣೆ ಬಿಟ್ಟು ಹುರಿಯುವ ಮನೆಗಳಿದ್ದವು. ಪುಡಿ ಬಹಳ ದಿನ ಕೆಡದೆ ಇರಲಿ ಎಂದು ಹಾಗೆ ಮಾಡುತ್ತಿದ್ದರು. ನಾನು ಈಗಲೂ ಹಾಗೇ ಮಾಡುತ್ತೇನೆ.

ಪುಡಿ ಸರಿಯಾಗಿದ್ದೂ ಸಾರು ಸರಿಹೋಗದಿದ್ದರೆ ನಲ್ಲಿಯನ್ನು ಅನುಮಾನಿಸಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವನ್ನು ಕ್ಯಾಲ್ಸಿಯಂ ಇನ್ನೂ ಬಿಗಿ ಮಾಡುತ್ತದೆ. ತೊಗರಿಬೇಳೆ ಎಷ್ಟು ಕೂಗು ಕೂಗಿಸಿದರೂ ಹಿಟ್ಟಿನಂತೆ ಬೇಯದೆ ಕಾಳುಕಾಳಾಗಿ ಉಳಿಯುವುದು ಇದರಿಂದಲೇ. ಸಾರಿನ ತಿಳಿಗೆ ಬೇಳೆಯ ರುಚಿ ಇಳಿಯುವುದೇ ಇಲ್ಲ. ನಿಮ್ಮ ಅಜ್ಜಿ ಸಿಹಿನೀರಿನ ಬಾವಿಯ ನೀರಲ್ಲಿ ಬೇಯಿಸುತ್ತಿದ್ದರು. ಬೇಳೆಗೆ ಮಾತ್ರ ಶುದ್ಧೀಕರಿಸಿದ ನೀರು ಹಾಕಿ ನೋಡಿ, ವ್ಯತ್ಯಾಸ ಅವತ್ತೇ ತಿಳಿಯುತ್ತದೆ. ಹುಣಸೆಯ ಹುಳಿಯೂ ಬೇಳೆಯನ್ನು ಹೀಗೇ ತಡೆಯುತ್ತದೆ. ಬೇಳೆ ಬೆಂದ ಮೇಲೆಯೇ ಹುಳಿ ಬಿಡಬೇಕು ಎಂಬ ಮನೆಯ ಕಟ್ಟಳೆ ಬಂದದ್ದು ಹಾಗೆ. ಉಪ್ಪೂ ಬದಲಾಗಿದೆ. ಅವರ ಚಮಚ ಕಲ್ಲುಪ್ಪಿನದು. ಹರಳುಗಳ ನಡುವೆ ಸಂದಿರುವುದರಿಂದ ಪುಡಿಯುಪ್ಪಿಗಿಂತ ಒಂದು ಚಮಚ ಕಲ್ಲುಪ್ಪಿನ ತೂಕ ಕಡಿಮೆ. ಹಾಳೆಯಲ್ಲಿದ್ದಷ್ಟೇ ಚಮಚ ಪುಡಿಯುಪ್ಪು ಹಾಕಿದರೆ ಸಾರು ಉಪ್ಪಾಗದೆ ಇರದು.

ಜೋಳದ ರೊಟ್ಟಿಯವರಿಗೆ ಉತ್ತರ ಚಿಕ್ಕದು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರು ಹಿಟ್ಟಿಗೆ ಬಿದ್ದಾಗ ಪಿಷ್ಟ ಅರಳಿ ಕೊಡುವ ಜಿಗಿಯೇ ರೊಟ್ಟಿಯನ್ನು ಹಿಡಿದಿಡುವುದು. ಹಿಟ್ಟು ಹಳತಾದರೆ ಆ ಜಿಗಿ ಬರುವುದಿಲ್ಲ, ಬಡಿಯುವಾಗ ಅಂಚು ಬಿರಿಯುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳವನ್ನು ಕಾಳಾಗಿಯೇ ಇಟ್ಟುಕೊಂಡು ಆಗಾಗ ಸ್ವಲ್ಪಸ್ವಲ್ಪ ಬೀಸಿಸುತ್ತಿದ್ದರು. ದೂರದ ಊರಿನ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಹಿಟ್ಟಿನಿಂದ ಆ ರೊಟ್ಟಿ ಬಾರದು. ಪುಣೆಯಲ್ಲಿ ಬಿಳಿಜೋಳ ಸಿಗುತ್ತದೆ, ಗಿರಣಿಯೂ ಇದೆ, ಬೀಸಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಒರಳುಕಲ್ಲು ಸೌದೆ ಒಲೆಗೆ ಹಿಂತಿರುಗಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಹಳೆಯದು ಎಂಬ ಕಾರಣಕ್ಕೇ ಯಾವುದೂ ಪವಿತ್ರವಲ್ಲ. ಆ ಹೊಗೆ ಎಷ್ಟು ಹೆಂಗಸರ ಕಣ್ಣು, ಪುಪ್ಪುಸ ತಿಂದಿದೆ ಎನ್ನುವುದು ನಮಗೆಲ್ಲ ಗೊತ್ತಿದೆ. ಅಡುಗೆ ಯಾವ ಕಾಲದಲ್ಲೂ ನಿಂತ ನೀರಾಗಿರಲಿಲ್ಲ. ಕನ್ನಡದಲ್ಲಿ ಅಡುಗೆಯನ್ನು ಬರೆದಿಡುವ ಅಭ್ಯಾಸ ಬಹಳ ಹಿಂದಿನದು. ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ, ಸುಮಾರು 1508ರಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂದು ಇಡೀ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದ. ಅವರಿಬ್ಬರ ಅಡುಗೆಯಲ್ಲೂ ಒಣಮೆಣಸಿನಕಾಯಿ ಇಲ್ಲ. ಅದು ಪೋರ್ಚುಗೀಸರ ಹಡಗಿನಲ್ಲಿ ಆಮೇಲೆ ಬಂದದ್ದು, ಅಲ್ಲಿಯವರೆಗೆ ಖಾರಕ್ಕೆ ಕರಿಮೆಣಸು, ಶುಂಠಿ, ಸಾಸಿವೆ. ಮೊದಲ ಬಾರಿ ಸಾರಿಗೆ ಆ ಹೊಸ ಕೆಂಪು ಕಾಯಿ ಹಾಕಿದ ಹೆಂಗಸು ಯಾವ ಊರಿನವಳೋ, ಅವಳ ಅತ್ತೆ ಏನೆಂದಳೋ! ಆ ಬದಲಾವಣೆಯೇ ಇವತ್ತು ನಮ್ಮ ಪರಂಪರೆ. ಪ್ರೆಷರ್ ಕುಕ್ಕರ್, ಫ್ರಿಜ್, ಗ್ರೈಂಡರ್ ಬಳಸುವುದಕ್ಕೆ ಸಂಕೋಚ ಬೇಕಿಲ್ಲ. ಆ ಅಡುಗೆಯಲ್ಲಿ ಯಾವುದನ್ನು ಬಿಟ್ಟರೆ ಅದು ಆ ಅಡುಗೆಯೇ ಅಲ್ಲ ಎಂಬುದು ಗೊತ್ತಿರಬೇಕು. ಕಜ್ಜಾಯಕ್ಕೆ ಒನಕೆ ಬೇಡ, ಮಿಕ್ಸಿ ಸಾಕು. ಒದ್ದೆ ಅಕ್ಕಿ ಬಿಡುವ ಹಾಗಿಲ್ಲ.

ಪಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ ಮಾತ್ರ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಸಾರು ಕುದಿಸಬೇಡಿ. ಹುಳಿ ಲೋಹವನ್ನು ಕರಗಿಸುತ್ತದೆ. ಸಾರು ಮಾಡುವ ಈಯದ ಪಾತ್ರೆ ಎಂದರೆ ತವರ, 232 ಡಿಗ್ರಿಗೆ ಕರಗುವ ಲೋಹ. ಒಳಗೆ ನೀರಿಲ್ಲದೆ ಉರಿಯ ಮೇಲಿಟ್ಟರೆ ಪಾತ್ರೆಯೇ ಇಳಿದುಹೋಗುತ್ತದೆ. ಹೊಸತು ಕೊಳ್ಳುವಾಗ ಸೀಸ ಬೆರೆತಿಲ್ಲವೆಂದು ಖಾತ್ರಿ ಕೊಡುವ ಕಡೆ ಮಾತ್ರ ಕೊಳ್ಳಿ, ಸೀಸ ವಿಷ.

ನನ್ನನ್ನು ನಿಜವಾಗಿ ಕಾಡುವ ಚಿಂತೆ ಬೇರೆ. ಕಜ್ಜಾಯಕ್ಕೆ, ಬಿಸಿಬೇಳೆ ಬಾತಿಗೆ, ಪುಳಿಯೋಗರೆಗೆ ಹಾಳೆಯಾದರೂ ಉಳಿದಿದೆ, ಅಚ್ಚಾದ ಪುಸ್ತಕಗಳಿವೆ. ಬರೆಯಲು ಓದಲು ಅವಕಾಶವಿದ್ದ ಜಾತಿಗಳ ಮನೆಯ ಅಡುಗೆ ಬರಹಕ್ಕೆ ಬಂತು. ಮಂಡ್ಯದ ಉಪ್ಸಾರಿನ ಖಾರ, ಬಸ್ಸಾರು, ಕಾರವಾರದ ಒಣಮೀನಿನ ಚಟ್ನಿ, ವಿಜಯಪುರದ ಕರಿಂಡಿ, ಕುರಿಯ ಬೋಟಿಯನ್ನು ತೊಳೆದು ಬೇಯಿಸುವ ಕ್ರಮ, ಇವೆಲ್ಲ ಬಹುಪಾಲು ಬಾಯಲ್ಲೇ ಉಳಿದವು. ಬಸ್ಸಾರನ್ನು ಹೋಟೆಲಿನವರೂ ಈಗ ಮಾಡುತ್ತಾರೆ, ಆದರೆ ಅದಕ್ಕೆ ಬೀಳುವುದು ದಂಟಿನ ಸೊಪ್ಪೋ ಪಾಲಕ್ಕೋ ಒಂದೇ ಸೊಪ್ಪು. ಹೊಲಕ್ಕೆ ಹೋದ ಹೆಂಗಸರು ಮಡಿಲಲ್ಲಿ ಕಿತ್ತು ತರುತ್ತಿದ್ದ ಬೆರಕೆ ಸೊಪ್ಪಿನಲ್ಲಿ ಅಣ್ಣೆ, ಹೊನಗನ್ನೆ, ಗೋಣಿ, ಇನ್ನೂ ಹೆಸರು ಗೊತ್ತಿಲ್ಲದ ಎಷ್ಟೋ ಇರುತ್ತಿದ್ದವು. ಬೇಯಿಸಿ ಬಸಿದ ಆ ನೀರಿಗೆ ಹಲವು ಸೊಪ್ಪಿನ ಸಾರ ಇಳಿದು ರುಚಿ ಕಟ್ಟುತ್ತಿತ್ತು. ರಾಗಿ ಹೊಲದ ಬದುಗಳಿಗೆ ಕಳೆನಾಶಕ ಬಂತು, ಎಷ್ಟೋ ಹೊಲಗಳು ನಿವೇಶನಗಳಾದವು, ಯಾವ ಎಲೆ ತಿನ್ನಬಹುದು ಯಾವುದು ಬಾರದು ಎಂದು ಬಲ್ಲವರಿಗೆ ವಯಸ್ಸಾಯಿತು. ಅಡುಗೆಯ ಕ್ರಮ ಎಷ್ಟು ಚೆನ್ನಾಗಿ ಬರೆದಿಟ್ಟರೂ ಎಲೆ ಗುರುತಿಸುವ ಕಣ್ಣು ಇಲ್ಲದಿದ್ದರೆ ಆ ಬಸ್ಸಾರು ಇಲ್ಲ. ಮನೆಯಲ್ಲಿ ಅಂಥವರಿದ್ದರೆ ಅವರೊಡನೆ ಒಂದು ಬೆಳಿಗ್ಗೆ ಹೊಲದಲ್ಲಿ ನಡೆಯಿರಿ, ಪ್ರತಿ ಸೊಪ್ಪಿನ ಚಿತ್ರ ತೆಗೆದು ಅವರು ಹೇಳುವ ಹೆಸರನ್ನು ಹಾಗೇ ಬರೆದುಕೊಳ್ಳಿ.

ಬರೆದುಕೊಳ್ಳುವ ಕ್ರಮಕ್ಕೂ ಒಂದೆರಡು ಮಾತು. ಹಿರಿಯರ ಕೈಗೆ ಅಳತೆಯ ಚಮಚ ಕೊಡಬೇಡಿ, ಅವರ ಲಯ ತಪ್ಪುತ್ತದೆ. ಅಕ್ಕಿ, ಬೆಲ್ಲ, ಉಪ್ಪಿನ ಡಬ್ಬಗಳನ್ನು ಶುರುವಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಗಿ. ಕಡಿಮೆಯಾದದ್ದೇ ಅವರ ಅಳತೆ. ನೀರು, ಪಾತ್ರೆ, ಒಲೆ, ಅಕ್ಕಿಯ ಜಾತಿ, ಬೆಲ್ಲ ಎಲ್ಲಿಯದು ಎಲ್ಲವನ್ನೂ ಬರೆಯಿರಿ. ಫೋನಿನಲ್ಲಿ ಕೈಯ ಚಿತ್ರ ತೆಗೆಯುವಾಗ ಶಬ್ದವೂ ಬರಲಿ, ಒಗ್ಗರಣೆಯ ಸದ್ದಿನಲ್ಲೂ ತಿಳಿಯುವುದಿದೆ. ಎಲ್ಲಕ್ಕಿಂತ ಮುಖ್ಯವಾಗಿ ‘ಕೆಟ್ಟರೆ ಏನು ಮಾಡ್ತೀರಿ?’ ಎಂದು ಕೇಳಿ. ಕಣಕ ಗಟ್ಟಿಯಾದರೆ ಬಿಸಿ ಹಾಲು ಚಿಮುಕಿಸಿ ನಾದುವುದು, ಸಡಿಲವಾದರೆ ಸ್ವಲ್ಪ ಅಕ್ಕಿಹಿಟ್ಟು ಸೇರಿಸಿ ಇನ್ನೊಂದು ದಿನ ಬಿಡುವುದು, ಮೊದಲು ಒಂದೇ ಒಂದು ಕಜ್ಜಾಯ ಎಣ್ಣೆಗೆ ಬಿಟ್ಟು ನೋಡುವುದು. ದೊಡ್ಡಮ್ಮ ಇದನ್ನೆಲ್ಲ ಹೇಳಿದ್ದು ನಾನು ಈ ಪ್ರಶ್ನೆ ಕೇಳಿದ ಮೇಲೆಯೇ. ಕೇಳಲು ಹಿರಿಯರೇ ಇಲ್ಲದವರು ನಿರಾಶರಾಗಬೇಕಿಲ್ಲ. ಸೋದರಮಾವ, ಚಿಕ್ಕಮ್ಮ, ಹಳೇ ನೆರೆಮನೆಯವರು, ಆ ಅಡುಗೆ ಉಂಡವರು ಯಾರಾದರೂ ಇರುತ್ತಾರೆ. ಸ್ವಲ್ಪವೇ ಮಾಡಿ, ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ, ಅವರಿಗೆ ಬಡಿಸಿ, ಅವರ ಮಾತು ಕೇಳಿ.

ಈ ಸಲ ಊರಿಗೆ ಹೋಗುವವರು ಹಬ್ಬದ ದಿನ ಊಟಕ್ಕೆ ಹೊತ್ತಾಗಿ ತಲುಪಬೇಡಿ, ಅಕ್ಕಿ ನೆನೆಹಾಕುವ ದಿನವೇ ಹೋಗಿ. ತಕ್ಕಡಿ ಒಯ್ಯಿರಿ. ಮನೆಯ ಗಂಡುಮಕ್ಕಳನ್ನೂ ಒಲೆಯ ಪಕ್ಕ ಕೂರಿಸಿ. ಬರೆದದ್ದನ್ನು ನಾಲ್ಕು ಪ್ರತಿ ಮಾಡಿ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಕೊಡಿ, ಹಾಳೆಯ ಮೇಲೆ ಹೇಳಿದವರ ಹೆಸರು ಬರೆಯುವುದನ್ನು ಮರೆಯಬೇಡಿ.